ಸಂಬಳ ಯಾರ ಕೈಯಿಂದ? ಕೀನ್ಯಾದ ಪ್ರಾಥಮಿಕ ಶಾಲೆಗಳಲ್ಲಿ ಗುತ್ತಿಗೆ ಶಿಕ್ಷಕರ ಚರಿತ್ರೆ

ಗುತ್ತಿಗೆ ಶಿಕ್ಷಕರ ಕುರಿತ ಚರ್ಚೆ ಜಗತ್ತಿನ ಯಾವ ಮೂಲೆಯಲ್ಲಿ ನಡೆದರೂ ಕೀನ್ಯಾದ ಹೆಸರು ಬಂದೇ ಬರುತ್ತದೆ. 2005ರಿಂದ 2011ರ ನಡುವೆ ಅಲ್ಲಿ ನಡೆದ ಎರಡು ದೊಡ್ಡ ಕ್ಷೇತ್ರ ಪ್ರಯೋಗಗಳು ಇದಕ್ಕೆ ಕಾರಣ. ಕಡಿಮೆ ಸಂಬಳದ ತಾತ್ಕಾಲಿಕ ಶಿಕ್ಷಕರ ಕೈಯಲ್ಲಿ ಮಕ್ಕಳು ಹೆಚ್ಚು ಕಲಿಯುತ್ತಾರೆ ಎಂದು ವಾದಿಸುವವರು ಮೊದಲನೆಯದನ್ನು ಎತ್ತಿ ತೋರಿಸುತ್ತಾರೆ. ಅದೇ ಯೋಜನೆ ಸರ್ಕಾರದ ಕೈಗೆ ಹೋದರೆ ಫಲ ಸೊನ್ನೆ ಎನ್ನುವವರು ಎರಡನೆಯದನ್ನು ಮುಂದಿಡುತ್ತಾರೆ. ಎರಡೂ ಕಡೆಯವರು ಕಥೆಯನ್ನು 2005ರಿಂದ ಶುರು ಮಾಡುತ್ತಾರೆ ಎಂಬುದೇ ನನ್ನ ತಕರಾರು. ಅದಕ್ಕೆ ನಾಲ್ಕು ದಶಕ ಹಿಂದಿನಿಂದ ಕಡತ ತೆರೆದು ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಕೀನ್ಯಾದಲ್ಲಿ ಗುತ್ತಿಗೆ ನೇಮಕ ಬೋಧನೆಯ ಸುಧಾರಣೆಗೆಂದು ಹುಟ್ಟಿದ್ದಲ್ಲ. ಖಜಾನೆ ಕಟ್ಟಲಾರದ, ಅಥವಾ ಕಟ್ಟಲು ಮನಸ್ಸಿಲ್ಲದ ಸಂಬಳದ ಹೊರೆಯನ್ನು ಪಾಲಕರಿಗೋ ದಾನಿಗಳಿಗೋ ಸ್ವತಃ ಶಿಕ್ಷಕರಿಗೋ ದಾಟಿಸುವ ದಾರಿಯಾಗಿ ಅದು ಬೆಳೆಯಿತು.

1963ರಲ್ಲಿ ಸ್ವಾತಂತ್ರ್ಯ ಬರುವ ತನಕ ಆಫ್ರಿಕನ್ ಮಕ್ಕಳ ಶಾಲೆಗಳಲ್ಲಿ ಬಹುಪಾಲು ಕ್ರೈಸ್ತ ಮಿಷನ್‌ಗಳ ಆಡಳಿತದಲ್ಲಿದ್ದವು. ಉಳಿದವು ಸ್ಥಳೀಯ ಮಂಡಳಿಗಳವು. ಒಂದೇ ತರಬೇತಿ ಪಡೆದ ಇಬ್ಬರು ಶಿಕ್ಷಕರು ಎರಡು ಬೇರೆ ಧಣಿಗಳ ಕೆಳಗೆ ಬೇರೆ ಬೇರೆ ಷರತ್ತುಗಳ ಮೇಲೆ ದುಡಿಯುತ್ತಿದ್ದರು. 1957ರಲ್ಲಿ ಕೀನ್ಯಾ ರಾಷ್ಟ್ರೀಯ ಶಿಕ್ಷಕರ ಸಂಘ ಕಟ್ಟಿದವರು ಈ ತಾರತಮ್ಯ ಕಂಡುಂಡವರು. ದೇಶದ ಶಿಕ್ಷಕರೆಲ್ಲರಿಗೂ ಒಬ್ಬನೇ ನೇಮಕದಾರ ಇರಬೇಕು, ಒಂದೇ ವೇತನ ಶ್ರೇಣಿ ಇರಬೇಕು ಎಂದು ಅವರು ಪಟ್ಟು ಹಿಡಿದರು. ಹತ್ತು ವರ್ಷಗಳ ಒತ್ತಾಯದ ನಂತರ 1967ರಲ್ಲಿ ಶಿಕ್ಷಕರ ಸೇವಾ ಆಯೋಗ ಅಸ್ತಿತ್ವಕ್ಕೆ ಬಂತು. ನೋಂದಣಿ, ನೇಮಕ, ವರ್ಗಾವಣೆ, ಸಂಬಳ, ಶಿಸ್ತು ಎಲ್ಲವೂ ನೈರೋಬಿಯ ಒಂದೇ ಕಚೇರಿಗೆ ಸೇರಿದವು. 1970ರ ಹೊತ್ತಿಗೆ ಕೌಂಟಿ ಕೌನ್ಸಿಲ್‌ಗಳಿಂದ ಪ್ರಾಥಮಿಕ ಶಿಕ್ಷಣದ ಹೊಣೆಯನ್ನೇ ಕೇಂದ್ರ ಸರ್ಕಾರ ಹಿಂದಕ್ಕೆ ಪಡೆಯಿತು. ಮುಂದಿನ ಗುತ್ತಿಗೆ ಯೋಜನೆಗಳನ್ನೆಲ್ಲ ಸಂಘ ಅಷ್ಟು ಕಟುವಾಗಿ ವಿರೋಧಿಸಿದ್ದೇಕೆ ಎಂಬುದಕ್ಕೆ ಉತ್ತರ ಈ ಗೆಲುವಿನಲ್ಲಿದೆ. ಅರ್ಥಶಾಸ್ತ್ರಜ್ಞರ ಬರಹಗಳಲ್ಲಿ ಸಂಘದ ವಿರೋಧ ಬರೀ ಸ್ವಾರ್ಥವಾಗಿ ಕಾಣಿಸಿಕೊಳ್ಳುತ್ತದೆ. ಹಲವು ಧಣಿಗಳ ಕಾಲವನ್ನು ಕಂಡ ಪೀಳಿಗೆ ಕಟ್ಟಿದ ಸಂಘ ಅದು ಎಂಬುದನ್ನು ಮರೆತರೆ ಹಾಗೆ ಕಾಣುವುದು ಸಹಜ.

ಈ ವ್ಯವಸ್ಥೆಗೆ ಮೊದಲ ಪೆಟ್ಟು ಬಿದ್ದದ್ದು ಜನಪ್ರಿಯ ಘೋಷಣೆಯೊಂದರಿಂದ. 1973ರ ಡಿಸೆಂಬರ್‌ನಲ್ಲಿ ಸ್ವಾತಂತ್ರ್ಯದ ಹತ್ತನೇ ವರ್ಷಾಚರಣೆಯ ದಿನ ಅಧ್ಯಕ್ಷ ಜೋಮೋ ಕೆನ್ಯಾಟಾ ಒಂದರಿಂದ ನಾಲ್ಕನೇ ತರಗತಿಯವರೆಗಿನ ಶುಲ್ಕವನ್ನು ರದ್ದು ಮಾಡಿದರು. ಮರುವರ್ಷವೇ ಪ್ರಾಥಮಿಕ ಶಾಲೆಗಳ ಮಕ್ಕಳ ಸಂಖ್ಯೆ ಸುಮಾರು 18 ಲಕ್ಷದಿಂದ 28 ಲಕ್ಷಕ್ಕೆ ಜಿಗಿಯಿತು. ಅಷ್ಟು ಮಕ್ಕಳಿಗೆ ಬೇಕಾದ ತರಬೇತಾದ ಶಿಕ್ಷಕರು ದೇಶದಲ್ಲೇ ಇರಲಿಲ್ಲ. ಸಿಕ್ಕವರನ್ನು ಸೇರಿಸಿಕೊಂಡರು. 1973ರಲ್ಲಿ ಹನ್ನೆರಡು ಸಾವಿರದ ಚಿಲ್ಲರೆ ಇದ್ದ ತರಬೇತಿಯಿಲ್ಲದ ಶಿಕ್ಷಕರು 1975ರಲ್ಲಿ 40,000ದ ಆಸುಪಾಸಿಗೆ ಬಂದು ನಿಂತರು. ಅಂದರೆ ಒಟ್ಟು ಶಿಕ್ಷಕರಲ್ಲಿ ಹೆಚ್ಚುಕಡಿಮೆ ಅರ್ಧ. ಶುಲ್ಕ ಹೋದ ಜಾಗಕ್ಕೆ ‘ಕಟ್ಟಡ ನಿಧಿ’ ಬಂತು, ಎಷ್ಟೋ ಕಡೆ ಅದು ಹಳೆಯ ಶುಲ್ಕವನ್ನೂ ಮೀರಿತು. ಉಚಿತ ಶಿಕ್ಷಣದ ಘೋಷಣೆ, ಮಕ್ಕಳ ನೂಕುನುಗ್ಗಲು, ಅರೆಬರೆ ನೇಮಕ, ಕೊನೆಗೆ ಪಾಲಕರ ಜೇಬಿಗೆ ಕೈ: ಈ ಸರಣಿ ಮುಂದೆಯೂ ಮರುಕಳಿಸಿತು.

ಎರಡನೆಯ ಪೆಟ್ಟು ಚುನಾವಣೆಯ ಹೊಸ್ತಿಲಲ್ಲಿ ಮಾಡಿಕೊಂಡ ಒಪ್ಪಂದ. 1997ರ ಅಕ್ಟೋಬರ್‌ನಲ್ಲಿ ಶಿಕ್ಷಕರು ದೇಶದಾದ್ಯಂತ ಮುಷ್ಕರ ಹೂಡಿದರು. ಡಿಸೆಂಬರ್‌ನಲ್ಲಿ ಚುನಾವಣೆ ಇತ್ತು. ಡೇನಿಯಲ್ ಅರಪ್ ಮೋಯಿ ಸರ್ಕಾರ ಸಂಬಳವನ್ನು ಹಂತಹಂತವಾಗಿ ಶೇ. 150ರಿಂದ 200ರಷ್ಟು ಏರಿಸುವುದಾಗಿ ಒಪ್ಪಿ ಅಧಿಸೂಚನೆಯನ್ನೂ ಹೊರಡಿಸಿತು. ಗೆದ್ದು ಬಂದ ಮೇಲೆ ಹಣವಿಲ್ಲ ಎಂದು ಹಿಂದೆ ಸರಿಯಿತು. 1998ರಲ್ಲಿ ಮತ್ತೆ ಮುಷ್ಕರವಾಯಿತು. ಅದೇ ವರ್ಷ ಹೊಸ ನೇಮಕಾತಿಗೆ ತಡೆ ಬಿತ್ತು: ನಿವೃತ್ತಿಯಾದವರ, ರಾಜೀನಾಮೆ ಕೊಟ್ಟವರ, ತೀರಿಕೊಂಡವರ ಜಾಗಕ್ಕಷ್ಟೇ ಹೊಸಬರು, ಪ್ರಾಥಮಿಕ, ಮಾಧ್ಯಮಿಕ ಎರಡೂ ಸೇರಿ 2,35,000ಕ್ಕಿಂತ ಹೆಚ್ಚು ಶಿಕ್ಷಕರಿಲ್ಲ. ಏಡ್ಸ್ ಶಿಕ್ಷಕರನ್ನೂ ಬಲಿ ತೆಗೆದುಕೊಳ್ಳುತ್ತಿದ್ದ ವರ್ಷಗಳು ಅವು. ಇತ್ತ ತರಬೇತಿ ಕಾಲೇಜುಗಳು ಪ್ರತಿವರ್ಷ ಪ್ರಾಥಮಿಕ ಶಿಕ್ಷಕರ ‘ಪಿ-ಒನ್’ ಸರ್ಟಿಫಿಕೇಟ್ ಹಿಡಿದ ಸಾವಿರಾರು ಯುವಕ ಯುವತಿಯರನ್ನು ಹೊರಗೆ ಕಳಿಸುತ್ತಲೇ ಇದ್ದವು. ಅರ್ಹರಿದ್ದೂ ಹುದ್ದೆಯಿಲ್ಲದ ಈ ದೊಡ್ಡ ಸಾಲು ಇಲ್ಲದಿದ್ದರೆ ಮುಂದಿನ ಗುತ್ತಿಗೆ ಪ್ರಯೋಗಗಳು ನಡೆಯುತ್ತಲೇ ಇರಲಿಲ್ಲ.

2003ರ ಜನವರಿಯಲ್ಲಿ ಮ್ವಾಯಿ ಕಿಬಾಕಿ ಸರ್ಕಾರ ಇಡೀ ಪ್ರಾಥಮಿಕ ಶಿಕ್ಷಣವನ್ನು ಉಚಿತಗೊಳಿಸಿತು. 59 ಲಕ್ಷವಿದ್ದ ಮಕ್ಕಳು ಅದೇ ವರ್ಷ 72 ಲಕ್ಷವಾದರು. ಪ್ರತಿ ಮಗುವಿಗೆ ವರ್ಷಕ್ಕೆ 1,020 ಶಿಲಿಂಗ್ ಶಾಲೆಯ ಖಾತೆಗೆ ಬರುವ ಏರ್ಪಾಡಾಯಿತು. ಪುಸ್ತಕ, ಸೀಮೆಸುಣ್ಣ, ರಿಪೇರಿಗೆ ಹಣ ಬಂತು, ಶಿಕ್ಷಕರು ಬರಲಿಲ್ಲ. ನೇಮಕದ ತಡೆ ಹಾಗೇ ಇತ್ತು. ಒಂದನೇ ತರಗತಿಯ ಒಂದೇ ಕೋಣೆಯಲ್ಲಿ ಎಂಬತ್ತಕ್ಕೂ ಹೆಚ್ಚು ಮಕ್ಕಳು ಕೂರುವ ಸ್ಥಿತಿ ಪಶ್ಚಿಮ ಕೀನ್ಯಾದಲ್ಲಿ ಸಾಮಾನ್ಯವಾಯಿತು. ಊರಿನ ಪಾಲಕರು ಸದ್ದಿಲ್ಲದೆ ಹಣ ಕೂಡಿಸಿ ತಮ್ಮದೇ ಮೇಷ್ಟ್ರನ್ನು ಇಟ್ಟುಕೊಂಡರು. ‘ಪಿಟಿಎ’ (ಪಾಲಕ-ಶಿಕ್ಷಕ ಸಂಘದ) ಟೀಚರ್ ಎಂದು ಕರೆಸಿಕೊಂಡ ಇವರಿಗೆ ಸಿಗುತ್ತಿದ್ದದ್ದು ಕಾಯಂ ಶಿಕ್ಷಕರ ಸಂಬಳದ ಸಣ್ಣ ಪಾಲು, ಅದೂ ಬೆಳೆ ಕೈಗೆ ಬಂದಾಗ, ಪಾಲಕರ ಬಳಿ ಕಾಸಿದ್ದಾಗ. ಆಯೋಗದ ಸಂಬಳ ಪಟ್ಟಿಯಲ್ಲಿ ಇವರ ಹೆಸರಿಲ್ಲ. ಕೀನ್ಯಾದ ಗುತ್ತಿಗೆ ಶಿಕ್ಷಕರ ಚರಿತ್ರೆಯಲ್ಲಿ ಅತ್ಯಂತ ಹಳಬರೂ ಅತಿ ಹೆಚ್ಚು ಕಾಲ ದುಡಿದವರೂ ಇವರೇ, ಅತಿ ಕಡಿಮೆ ಅಧ್ಯಯನಕ್ಕೆ ಒಳಗಾದವರೂ ಇವರೇ.

ಮೊದಲ ಪ್ರಯೋಗ ಇದೇ ಪಶ್ಚಿಮ ಭಾಗದಲ್ಲಿ, ಬುಂಗೋಮ ಮತ್ತು ಬುಟೇರೆ-ಮುಮಿಯಾಸ್ ಜಿಲ್ಲೆಗಳಲ್ಲಿ ನಡೆಯಿತು. 2005ರಲ್ಲಿ ಒಂದು ಡಚ್ ಮೂಲದ ಸೇವಾ ಸಂಸ್ಥೆಯ ನೆರವಿನಿಂದ ಅರ್ಥಶಾಸ್ತ್ರಜ್ಞರಾದ ಎಸ್ತೇರ್ ಡುಫ್ಲೊ, ಪಾಸ್ಕಲೀನ್ ದುಪಾ ಮತ್ತು ಮೈಕಲ್ ಕ್ರೆಮರ್ 210 ಶಾಲೆಗಳನ್ನು ಆರಿಸಿಕೊಂಡರು. 140 ಶಾಲೆಗಳಿಗೆ ಒಂದನೇ ತರಗತಿಗೆ ಒಬ್ಬ ಹೆಚ್ಚುವರಿ ಶಿಕ್ಷಕರನ್ನು ಇಟ್ಟುಕೊಳ್ಳಲು ಹಣ ಸಿಕ್ಕಿತು. ಉಳಿದ 70 ಹೋಲಿಕೆಗೆ ಉಳಿದವು. ಹಣ ಹೋದದ್ದು ಶಾಲಾ ಸಮಿತಿಗೆ. ಅರ್ಜಿ ಕರೆಯುವುದು, ಆರಿಸುವುದು, ತಿಂಗಳ ಸಂಬಳ ಕೊಡುವುದು, ವರ್ಷದ ಕೊನೆಗೆ ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು ಎಲ್ಲವೂ ಅದೇ ಸಮಿತಿಯ ಕೆಲಸ. ಬಂದವರ ಕೈಯಲ್ಲೂ ಕಾಯಂ ಶಿಕ್ಷಕರ ಬಳಿಯಿರುವ ಸರ್ಟಿಫಿಕೇಟೇ ಇತ್ತು. ಸಂಬಳ ಮಾತ್ರ ಸುಮಾರು ನಾಲ್ಕನೇ ಒಂದು ಪಾಲು. ತರಗತಿಯನ್ನು ಎರಡು ಮಾಡಿದರು. ಯಾವ ಭಾಗ ಕಾಯಂ ಶಿಕ್ಷಕರಿಗೆ, ಯಾವುದು ಹೊಸಬರಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರು.

ಆಮೇಲೆ ತಪಾಸಕರು ಮುನ್ಸೂಚನೆಯಿಲ್ಲದೆ ಶಾಲೆಗಳಿಗೆ ಹೋಗಿ ನೋಡಿದರು. ಹೋಲಿಕೆಯ ಶಾಲೆಗಳ ಕಾಯಂ ಶಿಕ್ಷಕರಿಗಿಂತ ಗುತ್ತಿಗೆಯವರು ತರಗತಿಯಲ್ಲಿ ಪಾಠ ಮಾಡುತ್ತ ಸಿಗುವ ಸಂಭವ ಶೇಕಡಾ 16 ಅಂಶಗಳಷ್ಟು ಹೆಚ್ಚಿತ್ತು. ಅವರ ಮಕ್ಕಳು ಪರೀಕ್ಷೆಯಲ್ಲೂ ಮುಂದಿದ್ದರು. ಈ ಅಧ್ಯಯನವನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನ ಸಂಗತಿಯೇ ಮುಖ್ಯ. ತರಗತಿ ಅರ್ಧವಾದರೂ ಕಾಯಂ ಶಿಕ್ಷಕರ ಬಳಿ ಉಳಿದ ಮಕ್ಕಳು ಹೇಳಿಕೊಳ್ಳುವಷ್ಟು ಹೆಚ್ಚು ಕಲಿಯಲಿಲ್ಲ. ಹೊಸಬರು ಬಂದ ಮೇಲೆ ಹಳಬರು ತರಗತಿಗೆ ಹೋಗುವುದನ್ನೇ ಕಡಿಮೆ ಮಾಡಿದ್ದರು. ಜೊತೆಗೆ, ಗುತ್ತಿಗೆ ಹುದ್ದೆ ಕಾಯಂ ಶಿಕ್ಷಕರ ನೆಂಟರಿಷ್ಟರ ಪಾಲಾಗುವುದೂ ಇತ್ತು. ಅರ್ಧದಷ್ಟು ಶಾಲೆಗಳಲ್ಲಿ ಸಮಿತಿಯ ಪಾಲಕರಿಗೆ ಸಂದರ್ಶನ ನಡೆಸುವುದು, ಹಾಜರಿ ಗಮನಿಸುವುದು, ವರ್ಷಾಂತ್ಯದ ಪರಿಶೀಲನೆ ಮಾಡುವುದು ಹೇಗೆ ಎಂದು ತರಬೇತಿ ಕೊಟ್ಟಿದ್ದರು. ಅಲ್ಲಿ ನೆಂಟರ ನೇಮಕ ಕಡಿಮೆಯಾಯಿತು, ಕಾಯಂ ಶಿಕ್ಷಕರ ಶ್ರಮವೂ ಅಷ್ಟು ಕುಸಿಯಲಿಲ್ಲ. ಫಲ ಕೊಟ್ಟಿದ್ದು ಕಡಿಮೆ ಸಂಬಳ ಎಂದು ಇದರಿಂದ ಹೇಗೆ ತೀರ್ಮಾನಿಸುತ್ತಾರೋ ನನಗೆ ತಿಳಿಯದು. ಅಲ್ಲಿ ದುಡಿದ ಶಕ್ತಿಗಳು ಎರಡು: ಕಣ್ಣಿಟ್ಟು ನೋಡುವ ಸಮಿತಿ, ಮತ್ತು ಚೆನ್ನಾಗಿ ಕಲಿಸಿದರೆ ನಾಳೆ ಆಯೋಗದ ಕಾಯಂ ಹುದ್ದೆ ಸಿಗಬಹುದು ಎಂಬ ಯುವ ಶಿಕ್ಷಕರ ನಿರೀಕ್ಷೆ.

ಸರ್ಕಾರ ಇದರಿಂದ ಎತ್ತಿಕೊಂಡ ಪಾಠ ಮಾತ್ರ ಅಗ್ಗದ ಶಿಕ್ಷಕರು ಎಂಬುದು. ಸುಮಾರು 18,000 ಗುತ್ತಿಗೆ ಶಿಕ್ಷಕರ ನೇಮಕಕ್ಕೆ 2009ರಲ್ಲಿ ಸಿದ್ಧತೆಯಾಯಿತು. ಪ್ರಾಥಮಿಕ ಶಿಕ್ಷಕರಿಗೆ ತಿಂಗಳಿಗೆ 10,000 ಶಿಲಿಂಗ್, ಕಾಯಂ ಶಿಕ್ಷಕರಿಗೆ ಬರುತ್ತಿದ್ದುದರ ಅರ್ಧದ ಆಸುಪಾಸು. ಸಂಘ ಕೋರ್ಟಿಗೆ ಹೋಯಿತು, ಯೋಜನೆ ಒಂದು ವರ್ಷಕ್ಕೂ ಮಿಕ್ಕಿ ತಡವಾಯಿತು. ಕೊನೆಗೆ 2010ರಲ್ಲಿ ಅದು ಜಾರಿಗೆ ಬಂದಾಗ ಟೆಸ್ಸಾ ಬೋಲ್ಡ್, ಮ್ವಾಂಗಿ ಕಿಮೆನ್ಯಿ, ಜರ್ಮಾನೋ ಮ್ವಾಬು ಮುಂತಾದ ಅರ್ಥಶಾಸ್ತ್ರಜ್ಞರು ಅದರೊಳಗೇ ಎರಡನೆಯ ಪ್ರಯೋಗವನ್ನು ಹೆಣೆದರು. ಎಂಟೂ ಪ್ರಾಂತ್ಯಗಳ 192 ಶಾಲೆಗಳಲ್ಲಿ ಮೂರನೇ ಒಂದು ಭಾಗದ ಗುತ್ತಿಗೆ ಶಿಕ್ಷಕರನ್ನು ವರ್ಲ್ಡ್ ವಿಷನ್ ಸಂಸ್ಥೆ ನೋಡಿಕೊಂಡಿತು, ಇನ್ನೊಂದು ಭಾಗದವರನ್ನು ಶಿಕ್ಷಣ ಸಚಿವಾಲಯ. ಉಳಿದ ಶಾಲೆಗಳಿಗೆ ಯಾರೂ ಇಲ್ಲ. ಕೆಲವರಿಗೆ 10,000 ಶಿಲಿಂಗ್, ಕೆಲವರಿಗೆ 5,000.

ಸಂಸ್ಥೆಯ ಶಾಲೆಗಳಲ್ಲಿ ಮಕ್ಕಳ ಅಂಕ ಗಮನಾರ್ಹವಾಗಿ ಏರಿತು. ಸಚಿವಾಲಯದ ಶಾಲೆಗಳಲ್ಲಿ ಏನೂ ಆಗಲಿಲ್ಲ. ಸಂಬಳ ಹತ್ತು ಸಾವಿರವೋ ಐದು ಸಾವಿರವೋ ಎಂಬುದರಿಂದ ಕಲಿಕೆಯಲ್ಲಿ ಎದ್ದುಕಾಣುವ ವ್ಯತ್ಯಾಸ ಬರಲಿಲ್ಲ. ಬೇರೆ ಇದ್ದದ್ದು ನಿರ್ವಹಣೆ. ಸಚಿವಾಲಯದ ಕಡೆ ಮೇಲ್ವಿಚಾರಣೆಯ ಭೇಟಿ ಕಡಿಮೆ, ಸಂಬಳದ ಬಟವಾಡೆ ತಿಂಗಳುಗಟ್ಟಲೆ ತಡ. ಸಂಸ್ಥೆಯ ಕಡೆಯೂ ತಡವಾಗುತ್ತಿತ್ತು, ಆದರೆ ಅಷ್ಟಲ್ಲ. ಅದಕ್ಕಿಂತ ದೊಡ್ಡ ವ್ಯತ್ಯಾಸವನ್ನು ಸಂಶೋಧಕರು ಸಂಘದ ಹೋರಾಟದಲ್ಲಿ ಗುರುತಿಸಿದರು. ಸರ್ಕಾರ ನೇಮಿಸಿದವರಿಗೆ ಸಂಘ ನಮ್ಮ ಪರ ನಿಂತಿದೆ, ಹೇಗೂ ಕಾಯಂ ಆಗುತ್ತೇವೆ ಎಂಬ ನಂಬಿಕೆ ಬಂದಿತ್ತು. ಒಪ್ಪಂದ ಮುಗಿದೀತು ಎಂಬ ಭಯವೂ ಇಲ್ಲ, ಕಾಯಂ ಶಿಕ್ಷಕರ ಸೌಲಭ್ಯವೂ ಇಲ್ಲ. ಗುತ್ತಿಗೆಯ ಕಷ್ಟವೆಲ್ಲ ಉಳಿದು, ಅದರಿಂದ ಬರಬೇಕಿದ್ದ ಫಲ ಮಾತ್ರ ಕೈಬಿಟ್ಟಿತ್ತು.

ಅವರ ನಂಬಿಕೆ ಹುಸಿಯಾಗಲಿಲ್ಲ. ನೈರೋಬಿಯಲ್ಲಿ ಮೆರವಣಿಗೆ, ಮುಷ್ಕರಗಳ ನಂತರ 2011ರ ಜೂನ್‌ನಲ್ಲಿ, ಪ್ರಯೋಗ ಇನ್ನೂ ಮುಗಿಯದಿರುವಾಗಲೇ, ಎಲ್ಲ ಗುತ್ತಿಗೆ ಶಿಕ್ಷಕರನ್ನೂ ಕಾಯಂ ಸೇವೆಗೆ ತೆಗೆದುಕೊಳ್ಳಲು ಸರ್ಕಾರ ಒಪ್ಪಿತು. ಹಣ ಬಿಡುಗಡೆಯಾಗದೆ ಸೆಪ್ಟೆಂಬರ್‌ನಲ್ಲಿ ಇನ್ನೊಂದು ದೇಶವ್ಯಾಪಿ ಮುಷ್ಕರ ಆಗಬೇಕಾಯಿತು. 2012ರಿಂದ ಅವರು ಕಾಯಂ ಆದರು. ಎರಡು ವರ್ಷ ಅರ್ಧ ಸಂಬಳ ಉಳಿಸಿದ್ದಕ್ಕೆ ದೇಶ ತೆತ್ತ ಬೆಲೆಯಲ್ಲಿ ಮಕ್ಕಳು ಕಳೆದುಕೊಂಡ ಪಾಠದ ದಿನಗಳನ್ನೂ ಸೇರಿಸಬೇಕು. ಯಾವ ಬಜೆಟ್ ಪತ್ರದಲ್ಲೂ ಆ ಲೆಕ್ಕ ಕಾಣುವುದಿಲ್ಲ.

ಈಶಾನ್ಯದ ಮಂಡೇರ, ವಾಜಿರ್, ಗರಿಸ್ಸಾಗಳ ಕಥೆ ಪ್ರತ್ಯೇಕ ಲೇಖನವನ್ನೇ ಬೇಡುತ್ತದೆ. 2014ರ ನವೆಂಬರ್‌ನಲ್ಲಿ ಮಂಡೇರದ ಬಳಿ ಅಲ್-ಶಬಾಬ್ ಉಗ್ರರು ಬಸ್ ತಡೆದು 28 ಮಂದಿಯನ್ನು ಕೊಂದಾಗ ಸತ್ತವರಲ್ಲಿ ಹಲವರು ರಜೆಗೆ ಊರಿಗೆ ಹೊರಟಿದ್ದ ಶಿಕ್ಷಕರು. ಹೊರಗಿನ ಶಿಕ್ಷಕರು ಮರಳಿ ಹೋಗಲು ಒಪ್ಪಲಿಲ್ಲ. ಅಲ್ಲಿನ ಎಷ್ಟೋ ಶಾಲೆಗಳ ಬಾಗಿಲು ತೆರೆದಿರುವುದು ಸ್ಥಳೀಯ, ಬಹುಪಾಲು ತರಬೇತಿಯಿಲ್ಲದ ತಾತ್ಕಾಲಿಕ ಶಿಕ್ಷಕರಿಂದ.

ಅಷ್ಟರಲ್ಲಿ ಕಾನೂನಿನ ನೆಲೆ ಬದಲಾಗಿತ್ತು. 2010ರ ಹೊಸ ಸಂವಿಧಾನ ಶಿಕ್ಷಕರ ಸೇವಾ ಆಯೋಗಕ್ಕೆ ಸಾಂವಿಧಾನಿಕ ಸ್ಥಾನ ಕೊಟ್ಟಿತು. ಅದರ 41ನೇ ವಿಧಿ ಪ್ರತಿಯೊಬ್ಬರಿಗೂ ನ್ಯಾಯಯುತ ದುಡಿಮೆಯ ಹಕ್ಕನ್ನು ಖಾತರಿಪಡಿಸಿತು. ಆದರೂ 2019ರ ಕೊನೆಗೆ ಆಯೋಗವೇ ‘ಇಂಟರ್ನ್’ ಎಂಬ ಹೊಸ ವರ್ಗವನ್ನು ತೆರೆಯಿತು. ಪೂರ್ಣ ತರಬೇತಿ, ನೋಂದಣಿ ಎರಡೂ ಇರುವವರಿಗೆ ಪ್ರಾಥಮಿಕದಲ್ಲಿ ಕೊಟ್ಟದ್ದು ತಿಂಗಳಿಗೆ 15,000 ಶಿಲಿಂಗ್ ಗೌರವಧನ. 2023ರಲ್ಲಿ ಪ್ರಾಥಮಿಕ ಶಾಲೆಗಳ ಆವರಣದಲ್ಲೇ ಜೂನಿಯರ್ ಶಾಲೆಗಳು ಶುರುವಾದಾಗ ಈ ಪದ್ಧತಿ ಭಾರೀ ಗಾತ್ರಕ್ಕೆ ಬೆಳೆಯಿತು. ಕಾಯಂ ಶಿಕ್ಷಕರಿಗೂ ಇಂಟರ್ನ್‌ಗಳಿಗೂ ಒಂದೇ ಪಾಠ, ಒಂದೇ ವೇಳಾಪಟ್ಟಿ. ಆದರೆ ಪ್ರಾಥಮಿಕದವರಿಗಿಂತ ಹೆಚ್ಚು ಗೌರವಧನವಿದ್ದ ಜೂನಿಯರ್ ಶಾಲೆಯ ಇಂಟರ್ನ್ ಕೈಗೂ ಕಡಿತವೆಲ್ಲ ಕಳೆದು ಬರುತ್ತಿದ್ದದ್ದು 17,000ದ ಆಸುಪಾಸು. 2024ರ ಏಪ್ರಿಲ್‌ನಲ್ಲಿ ನೈರೋಬಿಯ ಕಾರ್ಮಿಕ ನ್ಯಾಯಾಲಯ ಇದು 41ನೇ ವಿಧಿಗೆ ವಿರುದ್ಧ, ಅರ್ಹ ಶಿಕ್ಷಕರನ್ನು ಇಂಟರ್ನ್ ಎಂದು ದುಡಿಸಲು ಆಯೋಗಕ್ಕೆ ಅಧಿಕಾರವಿಲ್ಲ ಎಂದು ತೀರ್ಪು ಕೊಟ್ಟಿತು. ಮೇ ತಿಂಗಳಲ್ಲಿ ಇಂಟರ್ನ್‌ಗಳು ತರಗತಿ ಬಿಟ್ಟು ಬೀದಿಗಿಳಿದರು.

1975ರ ತರಬೇತಿಯಿಲ್ಲದವರು, 2003ರ ಪಿಟಿಎ ಮೇಷ್ಟ್ರು, 2010ರ ಗುತ್ತಿಗೆಯವರು, ಈಗಿನ ಇಂಟರ್ನ್‌ಗಳು: ಇವರೆಲ್ಲರನ್ನೂ ಒಂದೇ ಚರಿತ್ರೆಯ ಅಧ್ಯಾಯಗಳಾಗಿ ಓದಬೇಕೆಂಬುದು ನನ್ನ ಆಗ್ರಹ. ಆ ಚರಿತ್ರೆಯನ್ನು ಬರೆಯುವವರು ಆಯೋಗದ ಕಡತಗಳಷ್ಟೇ ಶ್ರದ್ಧೆಯಿಂದ ಹಳ್ಳಿಯ ಶಾಲಾ ಸಮಿತಿಗಳ ಲೆಕ್ಕದ ಪುಸ್ತಕಗಳನ್ನೂ ತೆರೆಯಬೇಕು. ಸಂಬಳದ ನಿಜವಾದ ಹೊರೆ ಹೊತ್ತವರ ಗುರುತು ಸಿಗಬಹುದಾದದ್ದು ಅಲ್ಲಿ. 2025ರ ಜನವರಿಯಲ್ಲಿ ಸುಮಾರು 46,000 ಇಂಟರ್ನ್‌ಗಳು ಕಾಯಂ ಸೇವೆಗೆ ಸೇರಿದರು. ಅದೇ ಹೊತ್ತಿಗೆ ಆಯೋಗ ಇನ್ನೂ 20,000 ಹೊಸ ಇಂಟರ್ನ್‌ಗಳ ನೇಮಕಕ್ಕೆ ಅರ್ಜಿ ಕರೆದಿತ್ತು.