ಕಷಾಯ, ಕೀಮೋ ಮತ್ತು ಒಂದು ಚೀನೀ ಮರದ ಕಥೆ

ಮನೇಲಿ ಯಾರಿಗಾದ್ರೂ ಕ್ಯಾನ್ಸರ್ ಅಂತ ಗೊತ್ತಾದ ವಾರದೊಳಗೆ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಕಷಾಯದ ರೆಸಿಪಿ ಬಂದೇ ಬರುತ್ತೆ. ‘ಕೀಮೋ ನಡೀಲಿ, ಜೊತೆಗೆ ಇದನ್ನೂ ಕುಡಿಸಿ. ಗಿಡಮೂಲಿಕೆ ತಾನೇ, ಏನೂ ಆಗಲ್ಲ.’ ನಿಜವಾಗ್ಲೂ ಏನೂ ಆಗಲ್ವಾ? ಇವತ್ತು ಆ ಪ್ರಶ್ನೆಯ ಚರಿತ್ರೆ ನೋಡೋಣ.

ಚೀನಾದಲ್ಲಿ ‘ಶಿ ಶು’ ಅನ್ನೋ ಮರ ಇದೆ. ಅಂದ್ರೆ ಸಂತೋಷದ ಮರ. ಅದರಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಕ್ಯಾಂಪ್ಟೋಥೆಸಿನ್ ಇದೆ ಎಂದು 1966ರಲ್ಲಿ ಪ್ರಕಟಿಸಿದವರು ಅಮೆರಿಕದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರಬಾರ್‌ನಲ್ಲಿ ಹುಟ್ಟಿದ ಮನ್ಸುಖ್ ವಾನಿ. ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲೂ ಇದೇ ವಸ್ತು ಇದೆ! ಆದರೆ 1970ರ ದಶಕದಲ್ಲಿ ರೋಗಿಗಳಿಗೆ ಕೊಟ್ಟಾಗ ವಿಷದ ಪರಿಣಾಮ ತೀವ್ರವಾಗಿತ್ತು. ಪ್ರಯೋಗ ನಿಂತುಹೋಯ್ತು. ಆಮೇಲೆ ಜಪಾನಿನ ಯಾಕುಲ್ಟ್ (ಹೌದು, ಆ ಪುಟ್ಟ ಬಾಟಲಿಯ ಕಂಪನಿಯೇ) ಅದನ್ನು ಮಾರ್ಪಡಿಸಿ ಇರಿನೊಟೆಕಾನ್ ಎಂಬ ಕೀಮೋ ಔಷಧ ಮಾಡಿತು. 1996ರಲ್ಲಿ ಅಮೆರಿಕವೂ ಒಪ್ಪಿಗೆ ಕೊಟ್ಟಿತು.

ಒಂದು ತೊಂದರೆ ಮಾತ್ರ ಉಳೀತು: ವಿಪರೀತ ಭೇದಿ. ಯಕೃತ್ತು ಈ ಔಷಧಕ್ಕೆ ಒಂದು ‘ಬೀಗ’ ಹಾಕಿ ಕರುಳಿಗೆ ಕಳಿಸುತ್ತೆ. ಅಲ್ಲಿನ ಬ್ಯಾಕ್ಟೀರಿಯಾಗಳು ಬೀಗ ತೆಗೆದುಬಿಡ್ತವೆ. ಕರುಳಿನ ಒಳಪದರ ಸುಟ್ಟ ಹಾಗಾಗುತ್ತೆ.

ಇಲ್ಲಿ ಕಥೆಗೆ ಒಂದು ಕಷಾಯ ಬರುತ್ತೆ. ಸುಮಾರು 1800 ವರ್ಷಗಳ ಹಿಂದೆ ಚೀನಾದ ವೈದ್ಯ ಝಾಂಗ್ ಝೋಂಗ್‌ಜಿಂಗ್ ಭೇದಿಗೆ ಬರೆದ ‘ಹುವಾಂಗ್ ಚಿನ್ ತಾಂಗ್’. ಹುವಾಂಗ್ ಚಿನ್ ಬೇರು, ಪಿಯೋನಿ ಬೇರು, ಜೇಷ್ಠಮಧು, ನಮ್ಮ ಎಲಚಿಯ ಸಂಬಂಧಿ ಚೀನೀ ಹಣ್ಣು. ಅಷ್ಟೇ, ನಾಲ್ಕು ಪದಾರ್ಥ. ಯೇಲ್ ವಿಶ್ವವಿದ್ಯಾಲಯದ ಯುಂಗ್-ಚಿ ಚೆಂಗ್ ಅವರ ತಂಡ ಇದನ್ನು ಇರಿನೊಟೆಕಾನ್ ಜೊತೆ ಪರೀಕ್ಷಿಸಿತು. 2010ರಲ್ಲಿ ಪ್ರಕಟವಾದ ಫಲಿತಾಂಶ: ಇಲಿಗಳಲ್ಲಿ ಉರಿಯೂತ ಕಡಿಮೆಯಾಗಿ ಕರುಳಿನ ಪದರ ಮತ್ತೆ ಬೆಳೀತು, ಗಡ್ಡೆಯ ಮೇಲೆ ಕೀಮೋ ಕೆಲಸವೂ ಕುಗ್ಗಲಿಲ್ಲ.

ಖುಷಿಪಡೋಣ, ಆದರೆ ಸ್ವಲ್ಪ ತಾಳಿ. ಅವರು ಅಡುಗೆಮನೆಯಲ್ಲಿ ಕುದಿಸಿ ಕೊಡಲಿಲ್ಲ. ಪ್ರತಿ ಬ್ಯಾಚಿನಲ್ಲೂ ಯಾವ ರಾಸಾಯನಿಕ ಎಷ್ಟಿದೆ ಎಂದು ಅಳೆದರು. ಮನುಷ್ಯರ ಮೇಲಿನ ಪ್ರಯೋಗಗಳು ಚಿಕ್ಕವು. ಇಲಿಗೆ ಒಗ್ಗಿದ್ದು ನಮಗೂ ಒಗ್ಗುತ್ತೆ ಅಂತೇನಿಲ್ಲ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಯುರೋಪಿನಲ್ಲಿ ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆಯನ್ನು ಇದೇ ಇರಿನೊಟೆಕಾನ್ ಜೊತೆ ಐದು ರೋಗಿಗಳಿಗೆ ಕೊಟ್ಟು ನೋಡಿದರು. 2002ರ ವರದಿ ಪ್ರಕಾರ ರಕ್ತದಲ್ಲಿ ಔಷಧದ ಸಕ್ರಿಯ ರೂಪ ಶೇ 42ರಷ್ಟು ಇಳಿದಿತ್ತು. ಹೊರಗಿಂದ ನೋಡಿದ್ರೆ ಚಿಕಿತ್ಸೆ ನಡೀತಾ ಇದೆ, ಒಳಗೆ ಔಷಧವೇ ಸಾಲ್ತಿಲ್ಲ!

ಅಂದ್ರೆ ಜಗಳ ‘ಇಂಗ್ಲಿಷ್ ಮದ್ದು’ ಮತ್ತು ಗಿಡಮೂಲಿಕೆ ನಡುವೆ ಅಲ್ಲವೇ ಅಲ್ಲ. ಇರಿನೊಟೆಕಾನ್ ಕೂಡ ಮರದಿಂದಲೇ ಬಂದದ್ದು. ಗಿಡಕ್ಕೆ ಶಕ್ತಿ ಇರೋದರಿಂದಲೇ ಅದು ಕೀಮೋಗೆ ನೆರವಾಗಬಹುದು, ಅಡ್ಡಗಾಲೂ ಹಾಕಬಹುದು.

ಅಜ್ಜಿ ಪ್ರೀತಿಯಿಂದ ಕಷಾಯ ಕುದಿಸ್ತಿದ್ರೆ ಬೈಬೇಡಿ. ಲೋಟ ಕೊಡೋ ಮುಂಚೆ ಅದರಲ್ಲಿ ಏನೇನಿದೆ ಅಂತ ಫೋನಲ್ಲಿ ಬರ್ಕೊಂಡು, ಕೀಮೋ ಡಾಕ್ಟರಿಗೆ ತೋರಿಸಿ.