ಬಣ್ಣ ತುಂಬಿದ ಹಳೆಯ ಭೂಪಟಗಳು

ಹಳೆಯ ವಸ್ತುಗಳನ್ನು ಸಂಗ್ರಹಿಸುವ ಹವ್ಯಾಸಗಳಲ್ಲಿ ಇಂಗ್ಲೆಂಡಿನ ಕೌಂಟಿ ಭೂಪಟಗಳ ಸಂಗ್ರಹಕ್ಕೆ ಒಂದು ವಿಶೇಷ ಸ್ಥಾನವಿದೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯನ್ನು ಹೋಲುವ ವಿಭಾಗ. ಹುತ್ತಗಳಂತೆ ಎದ್ದ ಗುಡ್ಡಗಳು, ಪುಟ್ಟ ಮರಗಳ ಗುಂಪಾಗಿ ನಿಂತ ಕಾಡುಗಳು, ಕಡಲಿನಲ್ಲಿ ತೇಲುವ ಹಾಯಿಹಡಗು. ಇವೆಲ್ಲಕ್ಕೂ ಕುಂಚದಿಂದ ತುಂಬಿದ ಬಣ್ಣ. ಇಂಥ ಹಾಳೆಗೆ ಮನಸ್ಸು ಸೋಲುವುದು ಸಹಜ. ಆದರೆ ನಮ್ಮನ್ನು ಸೋಲಿಸುವ ಆ ಬಣ್ಣವನ್ನೇ ಮೊದಲು ಸಂದೇಹಿಸಬೇಕಾಗುತ್ತದೆ.

ಈ ಪರಂಪರೆಗೆ ತಳಹದಿ ಹಾಕಿದವನು ಕ್ರಿಸ್ಟೋಫರ್ ಸ್ಯಾಕ್ಸ್‌ಟನ್. ಒಂದನೆಯ ಎಲಿಜಬೆತ್ ರಾಣಿಯ ಆಳ್ವಿಕೆಯಲ್ಲಿ, ಥಾಮಸ್ ಸೆಕ್‌ಫರ್ಡ್ ಎಂಬ ಆಸ್ಥಾನದ ಅಧಿಕಾರಿಯ ಧನಸಹಾಯದಿಂದ ಅವನು ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳ ಮೋಜಣಿ ನಡೆಸಿ, 1579ರಲ್ಲಿ ಭೂಪಟಗಳ ಸಂಪುಟವನ್ನು ಹೊರತಂದನು. ಅವನನ್ನು ಗೋಪುರ, ಕೋಟೆ, ಬೆಟ್ಟಗಳ ತುದಿಗೆ ಕರೆದೊಯ್ಯಬೇಕು, ಸೀಮೆಯನ್ನು ಬಲ್ಲ ಇಬ್ಬರು ಮೂವರನ್ನು ಜೊತೆಗೂಡಿಸಬೇಕು ಎಂದು 1576ರಲ್ಲಿ ವೇಲ್ಸಿನ ಅಧಿಕಾರಿಗಳಿಗೆ ರಾಣಿಯ ಮಂತ್ರಿಮಂಡಲಿಯಿಂದ ಆಜ್ಞೆ ಹೋಗಿತ್ತು.

ಅನಂತರ ಬಂದವನು ಜಾನ್ ಸ್ಪೀಡ್. ವೃತ್ತಿಯಿಂದ ದರ್ಜಿ, ಒಲವು ಇತಿಹಾಸದ ಕಡೆಗೆ. ಹಿಂದಿನವರ ಶ್ರಮವನ್ನು ಬಳಸಿಕೊಂಡುದನ್ನು ಅವನೇ ಒಪ್ಪಿಕೊಂಡಿದ್ದಾನೆ. ಆದರೆ ಹಾಳೆಯ ಮೂಲೆಗಳಲ್ಲಿ ಪಟ್ಟಣಗಳ ನಕ್ಷೆಗಳನ್ನು ಸೇರಿಸಿ ಭೂಪಟಕ್ಕೆ ಹೊಸ ಕಳೆ ತಂದನು. ಅವನ ಭೂಪಟಗಳನ್ನು ತಾಮ್ರದ ತಗಡಿನ ಮೇಲೆ ಕೊರೆದವನು ಆಮ್‌ಸ್ಟರ್‌ಡ್ಯಾಮಿನ ಯೋಡೋಕಸ್ ಹೊಂಡಿಯಸ್. ಸಂಪುಟ ಹೊರಬಂದುದು 1611-12ರಲ್ಲಿ. ಇಷ್ಟೆಲ್ಲ ಇದ್ದೂ ಈ ಇಬ್ಬರ ಕೌಂಟಿ ಭೂಪಟಗಳಲ್ಲಿ ರಸ್ತೆಗಳಿಲ್ಲ. ರಸ್ತೆಗಳ ಭೂಪಟಗಳಿಗಾಗಿಯೇ ಮೀಸಲಾದ ಸಂಪುಟವನ್ನು ಜಾನ್ ಓಗಿಲ್‌ಬಿ ಪ್ರಕಟಿಸಿದುದು 1675ರಲ್ಲಿ.

ತಾಮ್ರದ ತಗಡಿನಿಂದ ಮೂಡುತ್ತಿದ್ದುದು ಕಪ್ಪು ಗೆರೆ ಮಾತ್ರ. ಬಣ್ಣ ಬೇಕಾದವರು ಹೆಚ್ಚು ಹಣ ತೆತ್ತು ಕೈಯಿಂದ ತುಂಬಿಸಿಕೊಳ್ಳುತ್ತಿದ್ದರು. ಎಷ್ಟೋ ಪ್ರತಿಗಳು ಬಣ್ಣವಿಲ್ಲದೆಯೇ ಉಳಿದವು. ತಗಡುಗಳಾದರೋ ಒಡೆಯರಿಂದ ಒಡೆಯರಿಗೆ ಕೈಬದಲಾಗುತ್ತ, ಅಲ್ಲಲ್ಲಿ ತಿದ್ದಿಸಿಕೊಳ್ಳುತ್ತ ಹದಿನೆಂಟನೆಯ ಶತಮಾನದವರೆಗೂ ಅಚ್ಚಿಗೆ ಒದಗಿದವು. ಆದುದರಿಂದ ಭೂಪಟ ರಚನೆಯಾದ ವರ್ಷ, ಹಾಳೆ ಅಚ್ಚಾದ ವರ್ಷ, ಬಣ್ಣ ಹಚ್ಚಿದ ವರ್ಷ, ಈ ಮೂರೂ ಬೇರೆ ಬೇರೆಯಾಗಿರಬಹುದು. ಬಲ್ಲವರು ಹಾಳೆಯನ್ನು ಮಗುಚಿ ನೋಡುತ್ತಾರೆ. ತಾಮ್ರದ ಕಿಲುಬಿನಿಂದ ತಯಾರಿಸಿದ ಹಳೆಯ ಹಸಿರು ಬಣ್ಣ ಕಾಲಕ್ರಮದಲ್ಲಿ ಕಾಗದವನ್ನು ಸುಟ್ಟು ಹಿಂಬದಿಯಲ್ಲಿ ಕಂದು ಕಲೆಯಾಗಿ ತೋರುತ್ತದೆ. ಕಾಗದವನ್ನು ತಿನ್ನುವ ಆ ಕಲೆಯೇ ಬಣ್ಣದ ಪ್ರಾಚೀನತೆಗೆ ಸಾಕ್ಷಿ!

ಹಿಂಬದಿಯಲ್ಲಿ ಇನ್ನೊಂದು ಸಾಕ್ಷಿಯೂ ಇದೆ. ಸ್ಪೀಡನ ಭೂಪಟಗಳ ಬೆನ್ನಿಗೆ ಆಯಾ ಕೌಂಟಿಯ ವರ್ಣನೆ ಅಚ್ಚಾಗಿದೆ. ಅಂದರೆ ಇಂದು ಗೋಡೆಯ ಮೇಲಿರುವ ಹಾಳೆ ಒಂದು ಕಾಲಕ್ಕೆ ಗ್ರಂಥದ ಪುಟವಾಗಿತ್ತು. ಬಿಡಿಹಾಳೆಗಳನ್ನು ಬಯಸುವ ಗಿರಾಕಿಗಳಿಗಾಗಿ ವ್ಯಾಪಾರಿಗಳು ಸಂಪುಟಗಳ ಹೊಲಿಗೆ ಬಿಚ್ಚಿದರು. ಬಣ್ಣವಿಲ್ಲದ ಹಾಳೆಗಳಿಗೆ ಹೊಸದಾಗಿ ಬಣ್ಣವನ್ನೂ ತುಂಬಿಸಿದರು. ಹೀಗೆ ಹಳೆಯದರ ಮೇಲಣ ಪ್ರೀತಿಯೇ ಹಳೆಯ ಗ್ರಂಥಗಳನ್ನು ಚದರಿಸಿತು. ಚದರಿಹೋದುದನ್ನು ಮತ್ತೆ ಹೊಲಿಯಲು ಬಾರದು. ಇನ್ನೂ ಇಡಿಯಾಗಿ ಉಳಿದಿರುವ ಸಂಪುಟವನ್ನು ಬಿಚ್ಚದಿರುವುದು, ಬರಿಯ ಗೆರೆಗಳ ಹಾಳೆಯನ್ನು ಹಾಗೆಯೇ ಇರಗೊಡುವುದು, ಇಷ್ಟಾದರೂ ಸಂಗ್ರಹಕಾರನ ಕೈಯಲ್ಲಿದೆ.