ದಿ ಫ್ಯಾಮಿಲಿ ಮ್ಯಾನ್

ಭಯೋತ್ಪಾದನಾ ನಿಗ್ರಹವನ್ನು ವಸ್ತುವಾಗುಳ್ಳ ಹಿಂದಿ ಥ್ರಿಲ್ಲರ್ ವೆಬ್ ಸರಣಿ. ರಾಜ್ ಮತ್ತು ಡಿ.ಕೆ. ಜೋಡಿ ರೂಪಿಸಿದ ಈ ಸರಣಿ ಅಮೆಜಾನ್ ಪ್ರೈಮ್ ವಿಡಿಯೊದಲ್ಲಿ 2019ರ ಸೆಪ್ಟೆಂಬರ್ 20ರಂದು ಆರಂಭವಾಯಿತು. 2021ರ ಜೂನ್ 4ರಂದು ಎರಡನೆಯ ಭಾಗ ತೆರೆಕಂಡಿತು. ನಾಲ್ಕು ವರ್ಷಕ್ಕೂ ಹೆಚ್ಚಿನ ಬಿಡುವಿನ ಬಳಿಕ, 2025ರ ನವೆಂಬರ್ 21ರಂದು ಮೂರನೆಯ ಭಾಗ ಬಂದಿತು.

ಕಥಾನಾಯಕ ಶ್ರೀಕಾಂತ್ ತಿವಾರಿ (ಮನೋಜ್ ಬಾಜಪೇಯಿ) ‘ಟಾಸ್ಕ್’ ಎಂಬ ಕಾಲ್ಪನಿಕ ಗುಪ್ತಚರ ಘಟಕದ ಅಧಿಕಾರಿ. ದೇಶದ ಭದ್ರತೆಯ ಹೊಣೆ ಒಂದೆಡೆ, ಮನೆಯ ಸಾಲ, ಮಕ್ಕಳು, ದಾಂಪತ್ಯದ ಬಿರುಕು ಇನ್ನೊಂದೆಡೆ. ಈ ಎಳೆದಾಟವೇ ಕಥೆಯ ಜೀವಾಳ. ಮೊದಲ ಭಾಗದ ಒಂದು ಎಳೆ ಕಾಶ್ಮೀರದಲ್ಲಿ, ಎರಡನೆಯದರ ಕಥೆ ಹೆಚ್ಚಾಗಿ ಚೆನ್ನೈಯಲ್ಲಿ, ಮೂರನೆಯದರದು ಈಶಾನ್ಯ ಭಾರತದಲ್ಲಿ ನಡೆಯುತ್ತದೆ. ಮೂರನೆಯ ಭಾಗದಲ್ಲಿ ಜೈದೀಪ್ ಅಹ್ಲಾವತ್ ಮತ್ತು ನಿಮ್ರತ್ ಕೌರ್ ಹೊಸದಾಗಿ ಸೇರಿದರು.

ಕನ್ನಡ ಚಿತ್ರರಂಗದ ಇಬ್ಬರು ಪರಿಚಿತ ಕಲಾವಿದರು ಇದರಲ್ಲಿದ್ದಾರೆ. ಬೆಂಗಳೂರಿನಲ್ಲಿ ಬೆಳೆದ ಪ್ರಿಯಾಮಣಿ ನಾಯಕನ ಪತ್ನಿ ಸುಚಿತ್ರಾ ಆಗಿ ಮೂರೂ ಭಾಗಗಳಲ್ಲಿ ನಟಿಸಿದ್ದಾರೆ. ಕಿಶೋರ್ ಮೊದಲ ಭಾಗದಲ್ಲಿ ಇಮ್ರಾನ್ ಪಾಶಾ ಎಂಬ ಕಮಾಂಡೊ ಅಧಿಕಾರಿಯಾಗಿ ಕಾಣಿಸಿಕೊಂಡರು. ಮೊದಲ ಭಾಗ 10, ಎರಡನೆಯದು 9, ಮೂರನೆಯದು 7 ಕಂತುಗಳನ್ನು ಹೊಂದಿವೆ.